ಮಾಂಡುವನ್ನು ಮಳೆಗಾಲದಲ್ಲೇ ನೋಡಿ

ಮಧ್ಯಪ್ರದೇಶದ ಇಂದೋರಿನಿಂದ ಬೆಟ್ಟದ ಮೇಲಿನ ಹಳೆಯ ರಾಜಧಾನಿ ಮಾಂಡು ಸುಮಾರು 100 ಕಿಲೋಮೀಟರ್. ಬಸ್ಸಿನಲ್ಲೂ ಹೋಗಬಹುದು. ಆದರೆ ಒಂದೇ ದಿನದಲ್ಲಿ ಹೋಗಿಬರುವವರು ಬಾಡಿಗೆ ಕಾರು ಹಿಡಿಯುವುದೇ ಲೇಸು, ಮೇಲೆ ಹೋದ ಬಳಿಕವೂ ಸ್ಮಾರಕಗಳ ನಡುವೆ ಸಾಕಷ್ಟು ದೂರವಿದೆ. ನಾವು ಆಗಸ್ಟ್‌ನಲ್ಲಿ, ಬೆಳಿಗ್ಗೆ ಆರಕ್ಕೇ ಹೊರಟೆವು. ಧಾರ್ ದಾಟಿ, ಆಳವಾದ ಕಂದರವನ್ನು ಬಳಸಿಕೊಂಡು ದಾರಿ ಏರುತ್ತದೆ. ಬೆಟ್ಟದ ನೆತ್ತಿಯನ್ನು ಸುತ್ತುವರಿದ ಕೋಟೆಗೋಡೆಯ ಉದ್ದ ಸುಮಾರು 37 ಕಿಲೋಮೀಟರ್. ಒಳಗೆ ಹೊಲ, ಮನೆ, ಸಂತೆ ಎಲ್ಲವೂ ಇವೆ. ಜನ ಇಂದಿಗೂ ಬಾಳುತ್ತಿರುವ ಊರಿದು.

ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಎಲ್ಲರೂ ಹೇಳುವ, ಸುಲ್ತಾನ ಬಾಜ್ ಬಹಾದೂರನ ಪ್ರೇಯಸಿ ರೂಪಮತಿಯ ಹೆಸರಿನ ರೂಪಮತಿ ಮಂಟಪಕ್ಕೆ ಮೊದಲು ಓಡಿದೆವು. ಕೆಳಗೆ ನರ್ಮದೆ ಕಾಣಬೇಕಾದಲ್ಲಿ ಬರೀ ಮಂಜು. ಎರಡು ತಾಸು ಕಾದರೂ ಸರಿಯಲಿಲ್ಲ. ಮಂಟಪವನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ. ಬೆಳಗಿನ ಹೊತ್ತನ್ನು ಜಹಾಜ್ ಮಹಲಿಗೆ ಕೊಡಿ.

ಎರಡು ಕೆರೆಗಳ ನಡುವೆ 120 ಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಈ ಅರಮನೆ ಹಡಗಿನಂತೆ ಕಾಣುವುದು ಕೆರೆಗಳು ತುಂಬಿದಾಗ ಮಾತ್ರ. ಮಹಡಿಯ ಮೇಲೆ ನಿಧಾನವಾಗಿ ನಡೆಯಿರಿ. ಅಲ್ಲಿ ನೆಲದಲ್ಲೇ ಕೊರೆದ ಒಂದು ಕಾಲುವೆ ಇದೆ, ಅಂಗೈ ಅಗಲದ್ದು. ನೇರವಾಗಿ ಹರಿಯುವ ಬದಲು ಬಸವನಹುಳುವಿನ ಚಿಪ್ಪಿನಂತೆ ಸುತ್ತಿ ಸುತ್ತಿ ಕೊಳಕ್ಕೆ ಸೇರುತ್ತದೆ. ನೀರಿನ ವೇಗ ಇಳಿದು, ಮಣ್ಣು ತಳಕ್ಕೆ ಕೂರಲೆಂದು ಹೀಗೆ. ನಾವು ನಿಂತಿದ್ದಾಗಲೇ ಜಡಿಮಳೆ ಸುರಿಯಿತು, ಆ ಸುತ್ತುಗಳಲ್ಲಿ ನೀರು ತಿರುಗುತ್ತ ಹೊರಟಿತು. ಐದು ಶತಮಾನಗಳ ಹಿಂದಿನ ಕೆಲಸ! ಬೆಟ್ಟದ ಮೇಲಿನ ರಾಜಧಾನಿಗೆ ಮಳೆಯೇ ಬದುಕು. ಕೆರೆ, ಬಾವಿ, ಕಾಲುವೆಗಳನ್ನು ನೋಡದೆ ಬಂದರೆ ಮಾಂಡುವನ್ನು ನೋಡಿದಂತಾಗುವುದಿಲ್ಲ ಎಂದು ನನಗೆ ಅಲ್ಲಿಯೇ ಮನದಟ್ಟಾಯಿತು.

ಪಕ್ಕದ ಹಿಂಡೋಲಾ ಮಹಲಿನ ಓರೆ ಗೋಡೆಗಳಿಗೆ ಅರ್ಧ ಗಂಟೆ ಸಾಕು. ಇಲ್ಲಿ ಆಳಿದ ಸುಲ್ತಾನ ಹೋಶಂಗ್ ಷಾನ ಅಮೃತಶಿಲೆಯ ಗೋರಿ, ಅದರ ಪಕ್ಕದ ಜಾಮಿ ಮಸೀದಿ ಊರ ನಡುವೆಯೇ ಇವೆ. ಅರಮನೆ ಆವರಣ, ಗೋರಿ, ರೂಪಮತಿ ಮಂಟಪ ಮೂರಕ್ಕೂ ಬೇರೆ ಬೇರೆ ಟಿಕೆಟ್. ಹಾಸುಗಲ್ಲುಗಳು ಪಾಚಿ ಕಟ್ಟಿ ಜಾರುತ್ತವೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಊಟಕ್ಕೆ ದಾಲ್-ಪಾನಿಯಾ ಕೇಳಿ: ಜೋಳದ ಹಿಟ್ಟನ್ನು ಅಲ್ಲ, ಮೆಕ್ಕೆಜೋಳದ ಹಿಟ್ಟನ್ನು ಎಲೆಗಳ ನಡುವೆ ಇಟ್ಟು ಕೆಂಡದಲ್ಲಿ ಸುಟ್ಟದ್ದು. ಬೇಯಲು ಹೊತ್ತು ಹಿಡಿಯುತ್ತದೆ, ಮೊದಲೇ ಹೇಳಿಟ್ಟು ತಿರುಗಾಡಲು ಹೋಗಿ.

ದಾರಿಬದಿಯಲ್ಲಿ ಆನೆಕಾಲಿನಂಥ ಬುಡದ ಮರಗಳು ಕಂಡಾಗ ನಾನು ಕಾರು ನಿಲ್ಲಿಸಿದೆ. ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳ ಜಾತಿಯವೇ, ಆಫ್ರಿಕಾ ಮೂಲದ ಬಾವೊಬಾಬ್. ಒಬ್ಬ ಅಜ್ಜಿ ಮೃದುವಾದ ರೋಮದ ಹೊದಿಕೆಯ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು, ಒಳಗಿನ ಬಿಳಿ ತಿರುಳನ್ನು ಬಾಯಿಗೆ ಹಾಕಿಕೊಳ್ಳಲು ಕೊಟ್ಟರು. ಒಣ ಪುಡಿಯಂತಿದ್ದು ನಾಲಗೆಗೆ ಅಂಟಿಕೊಂಡು, ಆಮೇಲೆ ಹುಳಿ ಏರುತ್ತದೆ. ಎರಡು ಕಾಯಿ ಕೊಂಡೆ. ಘಾಟಿಯಲ್ಲಿ ಕತ್ತಲಾಗಬಾರದೆಂದು ಐದಕ್ಕೆಲ್ಲ ಇಳಿಯತೊಡಗಿದೆವು.