ಕುದುರೆಮರಿ, ಆಲೂಗೆಡ್ಡೆ ಮತ್ತು ಕುಣಿಯುವ ನಾಲಿಗೆ

ಫೆಬ್ರವರಿ 10, 2025, ಸೋಮವಾರ ರಾತ್ರಿ
ಚೆರ್ರಿ ಹಿಲ್, ನ್ಯೂಜೆರ್ಸಿ

ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಿನ್ನೆ ನೋಡಲು ನಮ್ಮ ಮನೆಯಲ್ಲಿ ಮೂರು ಕನ್ನಡ ಕುಟುಂಬಗಳು ಸೇರಿದ್ದವು. ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ. ಹಾಗಾಗಿ ನಮ್ಮ ಬೀದಿಯಲ್ಲಿ ವಾರದಿಂದಲೇ ಆ ಊರಿನ ಈಗಲ್ಸ್ ತಂಡದ ಹಸಿರು ಬಾವುಟಗಳು ಹಾರುತ್ತಿದ್ದವು, ಮಕ್ಕಳಂತೂ ಹಸಿರು ಅಂಗಿ ಬಿಟ್ಟು ಬೇರೆ ತೊಡಲು ಒಪ್ಪುತ್ತಿರಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಆಟ ಸಂಜೆ ಆರೂವರೆಗೆ ಶುರುವಾಯಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಈಗಲ್ಸ್ 24, ಕ್ಯಾನ್ಸಸ್ ಸಿಟಿ ಚೀಫ್ಸ್ ಸೊನ್ನೆ. ಕೊನೆಗೆ ಅಂಕಗಳು 40–22 ಆದರೂ ಫಲಿತಾಂಶ ಏನೆಂಬುದು ಎಲ್ಲರಿಗೂ ಆಗಲೇ ತಿಳಿದಿತ್ತು. ಆಟದ ಕುತೂಹಲ ಹೀಗೆ ಬೇಗ ಕರಗಿದ್ದರಿಂದ ಕೋಣೆಯ ಗಮನವೆಲ್ಲ ಜಾಹೀರಾತುಗಳ ಕಡೆಗೆ ಹೊರಳಿತು. ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಹದಿನಾಲ್ಕು ಚೀಟಿ ಮಾಡಿ, ಪ್ರತಿಯೊಬ್ಬರೂ ತಮಗೆ ಬಹಳ ಹಿಡಿಸಿದ ಒಂದು ಜಾಹೀರಾತನ್ನೂ ಸ್ವಲ್ಪವೂ ಹಿಡಿಸದ ಒಂದನ್ನೂ ಬರೆದುಕೊಡಬೇಕೆಂದು ಕಟ್ಟಪ್ಪಣೆ ಮಾಡಿದಳು.

ಊರಿನವರಿಗೆ ಇದು ವಿಚಿತ್ರವೆನಿಸಬಹುದು. ಐಪಿಎಲ್‌ನಲ್ಲಿ ಒಂದೇ ಜಾಹೀರಾತು ಎರಡು ತಿಂಗಳ ಕಾಲ, ಓವರಿಗೊಮ್ಮೆ ಎಂಬಂತೆ ಬಂದು ಬಂದು, ಮೊದಲ ದಿನ ನಗಿಸಿದ್ದೂ ಕೊನೆಗೆ ತಲೆನೋವಾಗುತ್ತದೆ. ಇಲ್ಲಿ ಎಲ್ಲವೂ ಒಂದೇ ರಾತ್ರಿಯ ಲೆಕ್ಕ. 1967ರಲ್ಲಿ ನಡೆದ ಮೊದಲ ಪಂದ್ಯದಲ್ಲಿ ಅರ್ಧ ನಿಮಿಷದ ಜಾಹೀರಾತಿಗೆ ಸುಮಾರು 40 ಸಾವಿರ ಡಾಲರ್ ಇದ್ದ ದರ ಈ ವರ್ಷ 80 ಲಕ್ಷ ಡಾಲರ್‌ವರೆಗೂ ಹೋಗಿದೆ. ಅಷ್ಟು ಹಣ ಸುರಿಯುವವರು ಹಳೆಯದನ್ನೇ ತೋರಿಸುವುದಿಲ್ಲ, ಈ ರಾತ್ರಿಗೆಂದೇ ಹೊಸದನ್ನು ಮಾಡಿಸುತ್ತಾರೆ. 1984ರ ಜನವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಸಿನಿಮಾ ನಿರ್ದೇಶಕ ರಿಡ್ಲಿ ಸ್ಕಾಟ್ ಅವರಿಂದ ಮಾಡಿಸಿದ, ಆ ಕಂಪನಿಯ ಆಡಳಿತ ಮಂಡಳಿಗೇ ಹಿಡಿಸದಿದ್ದ ಜಾಹೀರಾತನ್ನು ಜನ ಇಂದಿಗೂ ನೆನೆಯುತ್ತಾರೆ. ಯುಎಸ್‌ಎ ಟುಡೇ ಪತ್ರಿಕೆ 1989ರಿಂದ ಆ್ಯಡ್ ಮೀಟರ್ ಎಂಬ ಹೆಸರಿನಲ್ಲಿ ನೋಡುಗರಿಂದಲೇ ಅಂಕ ಹಾಕಿಸಿ, ಮರುದಿನ ಮೊದಲಿನಿಂದ ಕೊನೆಯವರೆಗೂ ಪಟ್ಟಿ ಪ್ರಕಟಿಸುತ್ತ ಬಂದಿದೆ. ಮಗಳ ಚೀಟಿಗಳಿಗೆ ಅದೇ ಪ್ರೇರಣೆ.

ನಮ್ಮ ಅತ್ತೆಯವರು ನವೆಂಬರ್‌ನಲ್ಲಿ ಹಾಸನದಿಂದ ಬಂದಿದ್ದಾರೆ. ಅವರಿಗೆ ಅಮೆರಿಕನ್ ಫುಟ್‌ಬಾಲ್‌ನ ನಿಯಮಗಳೂ ಗೊತ್ತಿಲ್ಲ, ವೇಗದ ಇಂಗ್ಲಿಷೂ ಹಿಡಿಯುವುದಿಲ್ಲ. ಆದರೆ ನಿನ್ನೆ ರಾತ್ರಿ ಎಲ್ಲರಿಗಿಂತ ಗಮನವಿಟ್ಟು ಜಾಹೀರಾತು ನೋಡಿದವರು ಅವರೇ ಎಂದು ನನಗೆ ಖಚಿತವಾಗಿ ಅನ್ನಿಸಿತು. ಲೇಸ್ ಚಿಪ್ಸ್‌ನವರ ಜಾಹೀರಾತಿನಲ್ಲಿ ಒಂದು ಪುಟ್ಟ ಹುಡುಗಿ ಲಾರಿಯಿಂದ ಉರುಳಿಬಿದ್ದ ಆಲೂಗೆಡ್ಡೆಯೊಂದನ್ನು ಎತ್ತಿಕೊಂಡು ಹೋಗಿ, ತನ್ನದೇ ಆದ ಒಂದು ತುಂಡು ನೆಲದಲ್ಲಿ ಹೂತು, ಅದನ್ನು ಹಗಲಿರುಳು ಕಾಯುತ್ತಾಳೆ. ಅತ್ತೆಯವರು ಕೈಯಲ್ಲಿದ್ದ ಚುರುಮುರಿ ಬಟ್ಟಲನ್ನು ಪಕ್ಕಕ್ಕಿಟ್ಟರು. "ಕಣ್ಣು ಮೇಲ್ಮುಖವಾಗಿ ಇಟ್ಟಳೇನಮ್ಮ, ನೋಡಿದೆಯಾ?" ಎಂದು ನನ್ನನ್ನು ಕೇಳಿದರು. ಗೆಡ್ಡೆಯ ಮೊಳಕೆಯ ಕಣ್ಣುಗಳನ್ನು ನಾನು ಗಮನಿಸಿರಲೇ ಇಲ್ಲ. ಹಾಸನದ ಸುತ್ತಮುತ್ತ ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಬರುತ್ತದೆ, ಮೇ–ಜೂನ್‌ನಲ್ಲಿ ನಾಟಿಯಾಗುತ್ತದೆ. ಮಳೆ ಹಿಡಿದುಕೊಂಡು ಮೋಡ ಕವಿದೇ ಇದ್ದರೆ ಅಂಗಮಾರಿ ರೋಗ ಬಂದು ಹಸಿರು ಹೊಲ ಕೆಲವೇ ದಿನಗಳಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ನನ್ನ ಮೈದುನ ಎರಡು ವರ್ಷ ಹೀಗೆ ಬೆಳೆ ಕಳೆದುಕೊಂಡು, ಊರಿನ ಎಷ್ಟೋ ಜನರಂತೆ ಮುಸುಕಿನ ಜೋಳಕ್ಕೆ ತಿರುಗಿದ್ದಾರೆ. ಆ ಹುಡುಗಿ ಒಂದೇ ಒಂದು ಗೆಡ್ಡೆಗಾಗಿ ಮಳೆ ಗಾಳಿಯೆನ್ನದೆ ಹೊರಗೆ ನಿಲ್ಲುವುದನ್ನು ನಮ್ಮಲ್ಲಿ ಕೆಲವರು ಮುದ್ದಾದ ಕಲ್ಪನೆಯೆಂದು ನೋಡಿದರೆ, ಅತ್ತೆಯವರು ತಾವು ಕಂಡುಂಡ ಬದುಕೆಂದು ನೋಡಿದರು. ಅವರ ಚೀಟಿಯಲ್ಲಿ ಕನ್ನಡದಲ್ಲಿ ಒಂದೇ ಪದವಿತ್ತು: ಆಲೂಗೆಡ್ಡೆ.

ಚೀಟಿಗಳಲ್ಲಿ ಮೊದಲು ಬಂದದ್ದು ಮಾತ್ರ ಕುದುರೆಮರಿ, ಐದು ಮತಗಳಿಂದ. ಬಡ್‌ವೈಸರ್ ಬಿಯರ್‌ನವರ ಕ್ಲೈಡ್ಸ್‌ಡೇಲ್ ತಳಿಯ ಕುದುರೆಗಳು ಇಲ್ಲಿಯವರಿಗೆ ಹಳೆಯ ಪರಿಚಯ. ಈ ಬಾರಿ ದೊಡ್ಡ ಕುದುರೆಗಳ ಜೊತೆ ಗಾಡಿಗೆ ಕಟ್ಟಿಸಿಕೊಳ್ಳಬೇಕೆಂದು ಆಸೆಪಟ್ಟ ಮರಿಯೊಂದು ಹಿಂದೆ ಉಳಿಯುತ್ತದೆ. ಗಾಡಿಯಿಂದ ಜಾರಿಬಿದ್ದ ಪೀಪಾಯಿಯನ್ನು ಕಂಡು, ಅದನ್ನು ತನ್ನ ಮೂತಿಯಿಂದ ತಳ್ಳುತ್ತ ತಳ್ಳುತ್ತ ಹೊಲ ಹಾದಿಗಳನ್ನು ದಾಟಿ ಸೇರಬೇಕಾದಲ್ಲಿಗೆ ಸೇರಿಸುತ್ತದೆ. ಮತ ಹಾಕಿದ ಐವರಲ್ಲಿ ಇಬ್ಬರು ಮಕ್ಕಳು, ಇನ್ನಿಬ್ಬರು ಬಿಯರ್ ಮುಟ್ಟದವರು. ಯಾವ ಪಾನೀಯವನ್ನು ಮಾರಲು ಇದನ್ನು ಮಾಡಿದರೆಂಬುದು ಅವರ ಮೆಚ್ಚುಗೆಗೆ ಅಡ್ಡ ಬರಲಿಲ್ಲ. "ನೀನಿನ್ನೂ ಚಿಕ್ಕವನು" ಎಂದು ಬಿಟ್ಟುಹೋದ ಮೇಲೆ ಹಠ ಹಿಡಿದು ಕೆಲಸ ಮಾಡಿ ತೋರಿಸುವ ಕಥೆ ಮನೆಯ ಕಿರಿಯರೆಲ್ಲರ ಕಥೆ. ಅದನ್ನು ಹೆಚ್ಚು ಮಾತಿಲ್ಲದೆ, ಒಂದು ನಿಮಿಷದಲ್ಲಿ, ಅವಸರವೆನಿಸದಂತೆ ಹೇಳುವುದು ಸುಲಭದ ಕಸುಬಲ್ಲ. ನಾನು ಈ ಜಾಹೀರಾತುಗಳನ್ನು ಇಷ್ಟು ಆಸ್ಥೆಯಿಂದ ನೋಡುವುದು ಈ ಕಸುಬಿಗಾಗಿಯೇ.

ಗೂಗಲ್‌ನವರ ಪಿಕ್ಸೆಲ್ ಫೋನಿನ ಜಾಹೀರಾತಿಗೆ ಎರಡು ಮತ ಬಂದವು. ಕೆಲಸದ ಸಂದರ್ಶನಕ್ಕೆ ಸಿದ್ಧನಾಗುತ್ತಿರುವ ತಂದೆಯೊಬ್ಬ ಫೋನಿನೊಂದಿಗೆ ಮಾತನಾಡುತ್ತ ತನ್ನ ಅನುಭವವನ್ನು ವಿವರಿಸುತ್ತಾನೆ. ಅವನು ಹೇಳುತ್ತಿರುವುದು ಕಚೇರಿಯ ಕೆಲಸವನ್ನಲ್ಲ, ಮಗಳನ್ನು ಬೆಳೆಸಿದ ವರ್ಷಗಳನ್ನು ಎಂಬುದು ನಮಗೆ ನಿಧಾನವಾಗಿ ತಿಳಿಯುತ್ತದೆ. ನಮ್ಮ ಜೊತೆ ಕುಳಿತಿದ್ದ ಮೈಸೂರಿನ ಗೆಳೆಯರೊಬ್ಬರು ಕಳೆದ ವರ್ಷ ಏಳು ತಿಂಗಳು ಕೆಲಸವಿಲ್ಲದೆ ಇದ್ದವರು. ಆ ಒಂದು ನಿಮಿಷ ಅವರು ಏನೂ ಮಾತನಾಡಲಿಲ್ಲ, ಮುಗಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದರು. ಯಂತ್ರದ ಜೊತೆ ಮಾತನಾಡಿ ಬದುಕನ್ನು ಅರ್ಥ ಮಾಡಿಕೊಳ್ಳಬೇಕಾದ ಕಾಲ ಬಂತಲ್ಲ ಎಂಬ ಅಸಮಾಧಾನ ನನಗಿದೆ. ಆದರೂ ಅವರ ಮುಖ ನೋಡಿದ ಮೇಲೆ ಆ ಜಾಹೀರಾತನ್ನು ಹಗುರವಾಗಿ ತೆಗೆದುಹಾಕಲು ನನ್ನಿಂದ ಆಗಲಿಲ್ಲ.

ಇಪ್ಪತ್ತೇಳು ವರ್ಷಗಳ ನಂತರ ಈ ಆಟಕ್ಕೆ ಮರಳಿದ ನೈಕಿ, ಕ್ರೀಡಾಪಟು ಹೆಣ್ಣುಮಕ್ಕಳನ್ನು ಕಪ್ಪು ಬಿಳುಪಿನಲ್ಲಿ ತೋರಿಸಿದ್ದು ಮಗಳಿಗೆ ಹಿಡಿಸಿತು. ಲಿಟಲ್ ಸೀಸರ್ಸ್‌ನ ಪಿಜ್ಜಾ ಜಾಹೀರಾತಿನಲ್ಲಿ ಹುಬ್ಬುಗಳು ಹಾರಿದರೆ, ಪ್ರಿಂಗಲ್ಸ್‌ನದರಲ್ಲಿ ಮೀಸೆಗಳು ಹಾರಿದವು. ಇಬ್ಬರಿಗೂ ಹೊಳೆದದ್ದು ಹೆಚ್ಚುಕಡಿಮೆ ಒಂದೇ ಆದ್ದರಿಂದ ನಮ್ಮಲ್ಲಿ ಯಾರಿಗೂ ಎರಡೂ ನೆನಪಿನಲ್ಲಿ ಬೇರೆಬೇರೆಯಾಗಿ ಉಳಿಯಲಿಲ್ಲ.

ಹಿಡಿಸದವುಗಳ ವಿಷಯದಲ್ಲಿ ಮಾತು ಬಹಳ ಹೊತ್ತು ನಡೆಯಿತು. ಕಾಫಿ ಮೇಟ್‌ನ ಜಾಹೀರಾತಿನಲ್ಲಿ ಒಬ್ಬನ ನಾಲಿಗೆ ಬಾಯಿಂದ ಹೊರಬಂದು ಕುಣಿಯುತ್ತದೆ. ಟುಬಿ ಎಂಬ ಸ್ಟ್ರೀಮಿಂಗ್ ಸೇವೆಯದರಲ್ಲಿ ಒಬ್ಬ ಹುಡುಗನಿಗೆ ಹುಟ್ಟಿನಿಂದಲೇ ತಲೆಯ ಮಾಂಸವೇ ಕೌಬಾಯ್ ಟೋಪಿಯ ಆಕಾರದಲ್ಲಿ ಬೆಳೆದಿರುತ್ತದೆ. ನಾಲಿಗೆಗೆ ಆರು ಚೀಟಿ, ಮಾಂಸದ ಟೋಪಿಗೆ ನಾಲ್ಕು. ಎಲ್ಲರೂ ಊಟ ಮಾಡುತ್ತ ಕುಳಿತಿರುವ ಹೊತ್ತಿನಲ್ಲಿ ನೋಡುವವರ ಮುಖ ಸಿಂಡರಿಸುವಂತೆ ಮಾಡಿ ಗಮನ ಸೆಳೆಯುವುದು ಸೋಮಾರಿ ದಾರಿ ಎಂಬುದು ನನ್ನ ಅಭಿಪ್ರಾಯ. ನೆನಪಿನಲ್ಲಿ ಉಳಿಯಿತಲ್ಲ ಎಂದು ಮಾಡಿದವರು ವಾದಿಸಬಹುದು. ಉಳಿದದ್ದು ನಾಲಿಗೆ, ಕಾಫಿಗೆ ಬೆರೆಸುವ ಆ ವಸ್ತುವಿನ ಹೆಸರನ್ನು ಇಂದು ಬೆಳಿಗ್ಗೆ ಮಕ್ಕಳನ್ನು ಕೇಳಿದರೆ ಇಬ್ಬರೂ ತಲೆ ಕೆರೆದುಕೊಂಡರು.

ನನ್ನ ಚೀಟಿಯಲ್ಲಿದ್ದದ್ದು ಮಾತ್ರ ಬೇರೆ. ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ಹಿಮ್ಸ್ ಅಂಡ್ ಹರ್ಸ್ ಕಂಪನಿ ಮಾಡಿದ ಜಾಹೀರಾತು ಅದು. ಸ್ಥೂಲಕಾಯದಿಂದ ಬಳಲುವವರನ್ನು ಈ ದೇಶದ ವ್ಯವಸ್ಥೆ ಹೇಗೆ ಕೈಬಿಟ್ಟಿದೆ ಎಂದು ಅದು ಸಿಟ್ಟಿನಿಂದ ಹೇಳುತ್ತದೆ. ಆ ಮಾತಿನಲ್ಲಿ ನಿಜವಿದೆ, ಹೇಳಿದ ರೀತಿಯಲ್ಲಿ ಬಲವೂ ಇದೆ. ಆದರೆ ನಾನು ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಈ ಚುಚ್ಚುಮದ್ದು ಹೊಸದಾಗಿ ತೆಗೆದುಕೊಳ್ಳುವವರಿಗೆ ವಾಕರಿಕೆ, ವಾಂತಿಯ ಬಗ್ಗೆ ತಿಳಿಸದೆ ಒಬ್ಬರನ್ನೂ ಕಳಿಸುವುದಿಲ್ಲ. ಅಷ್ಟು ದೊಡ್ಡ ಸಭೆಯ ಎದುರು ನಿಂತು ಔಷಧ ಮಾರುವವರು ಅದರ ಅಡ್ಡಪರಿಣಾಮಗಳ ಬಗ್ಗೆ ಮೌನವಾಗಿದ್ದದ್ದು ನನಗೆ ಸಹಿಸಲಾಗಲಿಲ್ಲ. ಆಟಕ್ಕೆ ಮುಂಚೆಯೇ ರಿಚರ್ಡ್ ಡರ್ಬಿನ್ ಮತ್ತು ರೋಜರ್ ಮಾರ್ಷಲ್ ಎಂಬ ಇಬ್ಬರು ಸೆನೆಟರುಗಳು, ಬೇರೆಬೇರೆ ಪಕ್ಷದವರಾಗಿದ್ದರೂ, ಇದೇ ಆಕ್ಷೇಪ ಎತ್ತಿ ಔಷಧ ನಿಯಂತ್ರಣ ಇಲಾಖೆಗೆ ಪತ್ರ ಬರೆದಿದ್ದರು. ನನ್ನದು ಒಂಟಿ ಮತವಾದರೂ ನಾನು ಅದನ್ನು ಬದಲಿಸಲಿಲ್ಲ.

ಕೆಟ್ಟದ್ದೆಂದು ಜನ ತೀರ್ಪು ಕೊಟ್ಟದ್ದು ಸೋತೇ ಸೋಲುತ್ತದೆ ಎನ್ನುವ ಹಾಗೂ ಇಲ್ಲ ಎಂದು ನಮ್ಮವರು ಹಳೆಯದನ್ನು ನೆನಪಿಸಿದರು. 2022ರಲ್ಲಿ ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ಕಂಪನಿ ಕಪ್ಪು ಪರದೆಯ ಮೇಲೆ ಒಂದು ಕ್ಯುಆರ್ ಕೋಡನ್ನು ಇಡೀ ಒಂದು ನಿಮಿಷ ತೇಲಿಬಿಟ್ಟಿತ್ತು. ಆ್ಯಡ್ ಮೀಟರ್‌ನಲ್ಲಿ ಅದಕ್ಕೆ ಕೊನೆಯ ಸ್ಥಾನ ಸಿಕ್ಕಿತು, ಆದರೆ ಅದೇ ರಾತ್ರಿ ಕುತೂಹಲದಿಂದ ಮುಗಿಬಿದ್ದವರ ಭಾರಕ್ಕೆ ಕಂಪನಿಯ ಆ್ಯಪ್ ಕೆಲಕಾಲ ನಿಂತೇಹೋಗಿತ್ತು. ನನಗೆ ನೆನಪಾದದ್ದು 2015. ನೇಷನ್‌ವೈಡ್ ಎಂಬ ವಿಮಾ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗ, ತಾನು ಸೈಕಲ್ ಕಲಿಯಲಾಗಲಿಲ್ಲ, ದೊಡ್ಡವನಾಗಲಾಗಲಿಲ್ಲ, ಏಕೆಂದರೆ ಅಪಘಾತದಲ್ಲಿ ಸತ್ತುಹೋದೆ ಎನ್ನುತ್ತಾನೆ. ಮನೆಯೊಳಗಿನ ಅಪಾಯಗಳಿಂದ ಮಕ್ಕಳನ್ನು ಕಾಪಾಡಿ ಎಂಬ ಉದ್ದೇಶ ಒಳ್ಳೆಯದೇ. ಆಗ ಎರಡು ವರ್ಷದವಳಾಗಿದ್ದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ನೋಡಿದ್ದ ನನಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇಂದು ಪತ್ರಿಕೆಯ ಪಟ್ಟಿ ಬಂತು. ಕುದುರೆಮರಿಗೆ ಮೊದಲ ಸ್ಥಾನ, ಆಲೂಗೆಡ್ಡೆಯ ಹುಡುಗಿಗೆ ಎರಡನೆಯದು. ನಮ್ಮ ಹದಿನಾಲ್ಕು ಚೀಟಿಗಳೂ ಅದೇ ಕ್ರಮದಲ್ಲಿ ಬಂದಿದ್ದವೆಂದು ಮಗಳಿಗೆ ಹಿಡಿಸಲಾರದಷ್ಟು ಸಂತೋಷ. ಅಂಗಡಿಯಿಂದ ಬಂದು ಅತ್ತೆಯವರಿಗೆ ಸುದ್ದಿ ಹೇಳೋಣವೆಂದರೆ ಅವರು ಆಗಲೇ ಫೋನಿನಲ್ಲಿದ್ದರು. ಊರಿನಲ್ಲಿ ಮಂಗಳವಾರದ ಬೆಳಗು, ಮೈದುನ ಹೊಲಕ್ಕೆ ಹೊರಡುವ ಹೊತ್ತು. ಲಾರಿಯಿಂದ ಬಿದ್ದ ಗೆಡ್ಡೆ, ಅದನ್ನು ಕಾದ ಹುಡುಗಿ, ಎಲ್ಲವನ್ನೂ ಮೊದಲಿನಿಂದ ವಿವರಿಸಿ ಹೇಳಿದ ಮೇಲೆ, "ಬಾವಿ ಪಕ್ಕದ ಹತ್ತು ಗುಂಟೆಗಾದರೂ ಈ ಸಲ ಬಿತ್ತನೆ ಗೆಡ್ಡೆ ತರಿಸೋ" ಎಂದರು. ಆ ಕಡೆಯಿಂದ ಮೈದುನ ಏನೆಂದರೋ ನನಗೆ ಕೇಳಿಸಲಿಲ್ಲ. "ಆಗಲಿ, ಮಳೆ ನೋಡಿಕೊಂಡೇ ಹಾಕು" ಎಂದು ಅತ್ತೆಯವರು ಫೋನಿಟ್ಟರು.