‘ತಾವು’ ಅಂದ್ರೆ ನಮ್ಮ ಅಪ್ಪನೇ ಹೌದಾ?

ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುತ್ತಿದ್ದ ನಮ್ಮೂರ ಕೊನೆಗೌಡನ ಮಗಳು ಅಪ್ಪನ ಸನ್ಮಾನ ಪತ್ರದ ಕರಡು ಓದುತ್ತ ಎರಡನೇ ಸಾಲಿಗೇ ನಿಂತಳು. “ಇಲ್ಲಿ ‘ತಾವು’ ಅಂತ ಇದೆಯಲ್ಲ ಅಣ್ಣ, ಅದು ನಮ್ಮ ಅಪ್ಪನೇ ಹೌದಾ?”

ಚುಚ್ಚಲು ಕೇಳಿದ್ದಲ್ಲ. ಮುಖದಲ್ಲಿ ಖುಷಿಯೇ ಇತ್ತು. ಆದರೆ ಸೋಮವಾರ ಸಂಜೆಯಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ಸಲದ ಕೊಯ್ಲು ಮುಗಿಸಿ ಗೌಡ ಮರ ಹತ್ತುವುದನ್ನು ನಿಲ್ಲಿಸಿದ್ದಾನೆ. ಶಿರಸಿ ಕಡೆಯ ಅಡಿಕೆ ಊರಲ್ಲಿ ಇದು ಸಣ್ಣ ಸುದ್ದಿಯಲ್ಲ. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತು, ಸುಣ್ಣ ಹಾಕಿ ಕೊಳೆ ರೋಗದ ಮದ್ದು ಕಲೆಸಲು ಯಾರಿಗಾದರೂ ಬಂದೀತು. ಮಳೆ ಎರಡು ತಾಸು ಬಿಡುವು ಕೊಟ್ಟಾಗ ಜಾರುವ ಮರ ಹತ್ತಿ, ಮೇಲಿಂದ ಮೇಲೇ ಪಕ್ಕದ ಮರಕ್ಕೆ ದಾಟಿ, ಒಂದೂ ಕೊನೆ ತಪ್ಪದಂತೆ ಹೊಡೆಯುವವರು ಎಷ್ಟು ಜನ ಉಳಿದಿದ್ದಾರೆ? ಇವನು “ನಾಳೆ ಬತ್ತೆ” ಅಂದರೆ ಬಂದ ಹಾಗೇ. ಆ ಮಾತಿನ ಮೇಲೆ ನಾಲ್ಕು ಮನೆಯವರು ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಪತ್ರ ಬರೆಯುವ ಕೆಲಸ ನನಗೆ ಬಂತು. ಮಾದರಿಗೆಂದು ಹಳೇ ನಾಲ್ಕು ಪತ್ರ ಕೊಟ್ಟರು. ಎಲ್ಲದರಲ್ಲೂ ಅದೇ ಗಣ್ಯರು, ಜನಾನುರಾಗಿ, ಅಜಾತಶತ್ರು. ಊರಿಗೆ ರಸ್ತೆ ಮಾಡಿಸಿದವರಿಗೂ ಅದೇ, ಸುಮ್ನೆ ಕುರ್ಚಿಯಲ್ಲಿ ಕೂತವರಿಗೂ ಅದೇ. ನನಗೆ ಇದು ಸರಿ ಕಾಣುವುದಿಲ್ಲ. ಜನಪ್ರಿಯ ಅಂದರೆ ಜನರಿಗೆ ಪ್ರಿಯನಾದವನು. ಜನಾನುರಾಗಿ ಅಂದರೆ ಜನರ ಮೇಲೆ ಪ್ರೀತಿ ಇರುವವನು. ಎರಡೂ ಒಂದೇ ಅಲ್ಲ, ಅಲ್ವಾ? ಗಣ್ಯ ಅಂದರೆ ಎಣಿಕೆಗೆ ಬರುವವನು. ನಮ್ಮ ಗೌಡನನ್ನು ವೇದಿಕೆಯ ಗಣ್ಯರಲ್ಲಿ ಯಾರು ಎಣಿಸಿದ್ದಾರೆ? ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅದನ್ನು ಮರದಿಂದ ಇಳಿಸಿದವರ ಹೆಸರಿನ ಹಿಂದೆ ‘ಮಾನ್ಯ’ ಅಂತ ಹಾಕಿದ್ದನ್ನು ನಾನಂತೂ ನೋಡಿಲ್ಲ. ಕೊನೆಗೆ ‘ಜನರ ಅಪಾರ ಗೌರವಕ್ಕೆ ಪಾತ್ರರಾದ ತಾವು’ ಎಂದು ಬರೆದೆ. ಅದಕ್ಕೇ ಆ ಹುಡುಗಿ ಹಾಗೆ ಕೇಳಿದ್ದು.

ಅವಳಿಗೆ ಗುರುತು ಸಿಗದಿದ್ದದ್ದು ಸಹಜ. ಊರಲ್ಲಿ ಅವಳ ಅಪ್ಪನಿಗೆ ಯಾರೂ ‘ಬನ್ನಿ’ ಅಂದಿಲ್ಲ. “ಗೌಡ ಬಂದ, ಚಾ ಕೊಡು.” “ಗೌಡ ಹೋದ.” ನಾನೂ ಹಾಗೇ ಬೆಳೆದವನು. ಈ ಬರಹದಲ್ಲೂ ಇಲ್ಲಿಯವರೆಗೆ ‘ನಿಲ್ಲಿಸಿದ್ದಾನೆ’, ‘ಇವನು’ ಎಂದೇ ಬರೆದಿದ್ದೇನೆ. ನನ್ನ ಅಪ್ಪನ ಹತ್ತಿರ ಹೇಳಿದರೆ, “ಅದು ಸಲುಗೆಯೋ. ಅಮ್ಮನಿಗೆ ನೀನು ಅನ್ನುವುದಿಲ್ಲವಾ? ದೇವರಿಗೆ?” ಎಂದರು. ಅಪ್ಪ ಸುಳ್ಳು ಹೇಳುವವರಲ್ಲ. ಗೌಡರಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಾತ್ರಿ ಅಲ್ಲೇ ಕೂತವರು ಅವರೇ. ಆದರೆ ಅಮ್ಮ ನನಗೂ ‘ನೀನು’ ಅನ್ನುತ್ತಾಳೆ. ಗೌಡರು ಹತ್ತು ವರ್ಷದ ನನ್ನ ಮಗನಿಗೂ “ನೀವು ಬಿಸಿಲಲ್ಲಿ ನಿಲ್ಲಬೇಡಿ” ಅನ್ನುತ್ತಾರೆ. ಒಂದೇ ಕಡೆಯಿಂದ ಹರಿಯುವುದನ್ನು ಸಲುಗೆ ಅನ್ನುವುದು ಹೇಗೆ? ಪ್ರೀತಿ ಇದೆ, ನಂಬಿಕೆ ಇದೆ, ಅವರಿಲ್ಲದೆ ನಡೆಯುವುದಿಲ್ಲ ಅಂತಲೂ ಗೊತ್ತು. ಕ್ರಿಯಾಪದದ ತುದಿಗೆ ಒಂದು ‘ರು’ ಸೇರಿಸುವುದು ಮಾತ್ರ ಇಷ್ಟು ವರ್ಷ ನಮ್ಮಿಂದ ಆಗಲಿಲ್ಲ.

ನಿನ್ನೆ ಅವರು ಅಂಗಳಕ್ಕೆ ಬಂದಾಗ ಗಟ್ಟಿ ಮನಸ್ಸು ಮಾಡಿ, “ಬನ್ನಿ ಗೌಡ್ರೇ, ಮೇಲೆ ಬನ್ನಿ, ಕೂತ್ಕೊಳ್ಳಿ” ಎಂದೆ. ಅವರು ಮೆಟ್ಟಿಲ ಹತ್ತಿರವೇ ನಿಂತರು. ಅಂಗೈ ತುಂಬ ಮರ ಉಜ್ಜಿದ ಗುರುತು. ಆ ಕೈಯಿಂದ ಕಂಬ ಹಿಡಿದು ನನ್ನ ಮುಖವನ್ನೇ ನೋಡಿದರು.

“ಎಂತ ಆಯ್ತು ತಮ್ಮಾ? ನನ್ ಮೇಲೆ ಸಿಟ್ಟು ಬಂತಾ?”

ಇಲ್ಲ ಎಂದೆ. ಇನ್ನೇನು ಹೇಳಲೂ ಬಾಯಿ ಬರಲಿಲ್ಲ. ಅವರು ಜಗಲಿಗೆ ಬಂದು ಕುರ್ಚಿ ಬಿಟ್ಟು ಕಂಬಕ್ಕೊರಗಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಚಾ ಬಂತು.

ರಾತ್ರಿ ಕರಡು ತೆಗೆದು ‘ಅಪಾರ ಗೌರವಕ್ಕೆ ಪಾತ್ರರಾದ’ ಎಂಬುದನ್ನು ಹೊಡೆದು ಹಾಕಿದೆ. ‘ನಾಳೆ ಬತ್ತೆ ಎಂದ ಮಾತನ್ನು ಒಮ್ಮೆಯೂ ತಪ್ಪದ, ಊರಿಗೆ ಬೇಕಾದವರು’ ಎಂದು ಬರೆದೆ. ‘ತಾವು’ ಹಾಗೇ ಇದೆ. ಇವತ್ತು ಗೌಡರ ಮಗಳಿಗೆ ತೋರಿಸಿದೆ. ಈ ಸಲ ಅವಳು ಏನೂ ಕೇಳಲಿಲ್ಲ. ‘ಬತ್ತೆ’ ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದಳು.