ನಮ್ಮ ಮನೆಗೆ ಯಾವ ನಾಯಿ ಸರಿ?

ನಾಯಿ ಸಾಕಬೇಕು ಅಂದುಕೊಂಡವರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ನಮ್ಮದು ಸಣ್ಣ ಮನೆ, ಯಾವ ತಳಿ ತಂದರೆ ಒಳ್ಳೆಯದು?" ಮನೆಯ ಅಳತೆ ಆಮೇಲೆ ನೋಡೋಣ ಅನ್ನುತ್ತೇನೆ ನಾನು. ನಿಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತದೆ, ದಿನಕ್ಕೆ ಎಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರುತ್ತಾರೆ, ಮೊದಲು ಇವೆರಡನ್ನು ಹೇಳಿ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟರಿಂದ ಮೈ ತಣ್ಣಗಾಗದು. ನಾಲಿಗೆ ಚಾಚಿ ತೇಕುವುದೊಂದೇ ಅದಕ್ಕಿರುವ ದೊಡ್ಡ ಉಪಾಯ. ಬಾಯಿ, ನಾಲಿಗೆ, ಮೂಗಿನ ಒಳಗಿನ ಪಸೆ ಆರುತ್ತಾ ಹೋದಂತೆ ಮೈಯ ಕಾವು ಇಳಿಯುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆ ಪಸೆ ಬೇಗ ಆರುವುದಿಲ್ಲ. ಹಾಗಾಗಿ ಬಿಸಿ ಅಷ್ಟೇ ಇದ್ದರೂ ಒಣಹವೆಗಿಂತ ಸಮುದ್ರದ ಬದಿಯ ಸೆಕೆಯಲ್ಲಿ ನಾಯಿಗೆ ಸಂಕಟ ಹೆಚ್ಚು. ಆರೋಗ್ಯವಂತ ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಜೀವಕ್ಕೇ ಅಪಾಯ. ನಡುವೆ ಇರುವುದು ಎರಡೇ ಡಿಗ್ರಿ.

ಈಗ ಪಗ್, ಫ್ರೆಂಚ್ ಬುಲ್‌ಡಾಗ್‌ಗಳ ಮುಖವನ್ನು ಎದುರಿನಿಂದ ನೋಡಿ. ಉದ್ದ ಮೂತಿಯ ನಾಯಿಗೆ ಹೊಳ್ಳೆಗಳು ಅಗಲವಾಗಿ ತೆರೆದಿರುತ್ತವೆ. ಇವುಗಳಲ್ಲಿ ಎಷ್ಟೋ ನಾಯಿಗಳಿಗೆ ಅವು ಬರೀ ಗೀರಿನಂತೆ ಇರುತ್ತವೆ. ತಲೆಬುರುಡೆ ಗಿಡ್ಡವಾದರೂ ಒಳಗಿನ ಮೆತ್ತನೆಯ ಅಂಗುಳ ಅದಕ್ಕೆ ತಕ್ಕಂತೆ ಗಿಡ್ಡವಾಗಿಲ್ಲ, ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಮಲಗಿದಾಗ ಅದು ಗೊರಗೊರ ಅನ್ನುವುದನ್ನು ಜನ ಮುದ್ದು ಅಂದುಕೊಳ್ಳುತ್ತಾರೆ. ಅದು ಉಸಿರಿಗಾಗಿ ಪಡುವ ಪಾಡು. ತೇಕಿ ಬದುಕಬೇಕಾದ ಪ್ರಾಣಿಗೆ ತೇಕಲೂ ಕಷ್ಟವಾದರೆ ಬಿಸಿ ಊರಿನಲ್ಲಿ ಅದರ ಗತಿಯೇನು? ಸೆಕೆಯ ಊರಿನವರು ಚಪ್ಪಟೆ ಮೂತಿಯ ನಾಯಿ ಬೇಕು ಅಂದರೆ ನಾನು ಬೇಡವೆಂದೇ ಹೇಳುತ್ತೇನೆ, ಅವರಿಗೆ ಬೇಸರವಾದರೂ ಸರಿ.

ಹಸ್ಕಿಯ ಕಥೆ ಬೇರೆ. ಅದರ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿ: ಮೇಲೆ ಉದ್ದನೆಯ ಒರಟು ಕೂದಲು, ಅದರ ಬುಡದಲ್ಲಿ ಚರ್ಮವೇ ಕಾಣದಷ್ಟು ಒತ್ತಾದ ಉಣ್ಣೆ. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯಲೆಂದು ಬೆಳೆದ ಮೈ ಅದು. "ಎ.ಸಿ. ಹಾಕಿಸುತ್ತೇವೆ" ಅನ್ನುವವರಿದ್ದಾರೆ. ಆದರೆ ಅದಕ್ಕೆ ಬೇಕಾದದ್ದು ತಣ್ಣನೆಯ ಕೋಣೆಯಷ್ಟೇ ಅಲ್ಲ, ದಿನಾ ಮೈದಣಿಯುವಷ್ಟು ಓಟ. ಹೊರಗೆ ಬೆಂಕಿಯಂಥ ಬಿಸಿಲಿದ್ದರೆ ಓಡಿಸುವುದೆಲ್ಲಿ? ಬೋಳಿಸಿಬಿಟ್ಟರಾಯಿತು ಅನ್ನುವುದೂ ತಪ್ಪು. ಆ ಕೂದಲು ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ, ಒಮ್ಮೆ ಬೋಳಿಸಿದರೆ ಕೆಲವು ನಾಯಿಗಳಿಗೆ ಮೊದಲಿನಂತೆ ಬೆಳೆಯುವುದೇ ಇಲ್ಲ.

ಚಳಿಯ ಊರಿನವರಿಗೆ ಲೆಕ್ಕ ತಿರುವುಮುರುವು. ತೆಳ್ಳನೆಯ ಕೂದಲು, ಮೈಮೇಲೆ ಕೊಬ್ಬೇ ಇಲ್ಲದ ಗ್ರೇಹೌಂಡ್, ಅಂಗೈಯಗಲದ ಚಿವಾವಾ ಇವೆಲ್ಲ ಚಳಿಗೆ ನಡುಗುತ್ತವೆ, ಹೊರಗೆ ಹೋಗುವಾಗ ಅಂಗಿ ತೊಡಿಸಲೇಬೇಕು. ಮಳೆ ಹೆಚ್ಚಿದ್ದು ಸದಾ ತೇವವಿರುವ ಕಡೆ ಕಾಕರ್ ಸ್ಪ್ಯಾನಿಯಲ್‌ನಂಥ ಜೋಲು ಕಿವಿಯ ನಾಯಿಗಳ ಕಿವಿಯೊಳಗೆ ಗಾಳಿಯಾಡದೆ ಸೋಂಕು ಮತ್ತೆ ಮತ್ತೆ ಬರುತ್ತದೆ. ಉಣ್ಣಿಯ ಕಾಟವಿರುವ ಊರಾದರೆ ಗಿಡ್ಡ ಕೂದಲಿನ ನಾಯಿಯೇ ವಾಸಿ, ಕೈಯಾಡಿಸಿದರೆ ಸಿಕ್ಕಿಬಿಡುತ್ತದೆ.

ಇನ್ನು ಮನೆಯ ಅಳತೆ. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಗ್ರೇಹೌಂಡ್ ಮನೆಯೊಳಗೆ ದಿನವೆಲ್ಲ ಸೋಫಾ ಮೇಲೆ ಬಿದ್ದುಕೊಂಡಿರುತ್ತದೆ. ಸಣ್ಣ ಮೈಯ ಜ್ಯಾಕ್ ರಸೆಲ್‌ಗೆ ಕೆಲಸವಿಲ್ಲದಿದ್ದರೆ ಬಾಗಿಲು, ಕುರ್ಚಿ ಯಾವುದೂ ಉಳಿಯದು. ಕುರಿ ಕಾಯಲೆಂದು ಹುಟ್ಟಿದ ಬಾರ್ಡರ್ ಕೋಲಿ ನಾಯಿಗೆ ದೊಡ್ಡ ಅಂಗಳವಿದ್ದರೂ ಜೊತೆಗೆ ಯಾರೂ ಇಲ್ಲದಿದ್ದರೆ ಪ್ರಯೋಜನವಿಲ್ಲ. ಬೀಗಲ್ ಗಟ್ಟಿಯಾಗಿ ಊಳಿಡುತ್ತದೆ, ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಿದ್ದರೆ ಯೋಚಿಸಿ. ಎಲ್ಲರೂ ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಯಾದರೆ ಮರಿಯನ್ನಂತೂ ತರಲೇಬೇಡಿ. ಮರಿಗೆ ಗಂಟೆ ಎರಡು ಗಂಟೆಗೊಮ್ಮೆ ಮನುಷ್ಯರು ಬೇಕು. ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಎಂಬುದನ್ನೂ ಮಕ್ಕಳಿರುವ ಮನೆಯವರು ಮೊದಲೇ ತಿಳಿದಿರಲಿ.

ಹಾಗಾದರೆ ಯಾವುದು ತರೋಣ ಅಂತ ಪಟ್ಟು ಹಿಡಿದರೆ ನಾನು ಹೇಳುವುದಿದು: ನಿಮ್ಮದೇ ಹವೆಯಲ್ಲಿ ಹುಟ್ಟಿ ಬೆಳೆದ, ಎರಡು ಮೂರು ವರ್ಷ ದಾಟಿದ ಮಿಶ್ರತಳಿಯ ನಾಯಿ. ಆ ಬಿಸಿಲು, ಆ ಮಳೆ ಅದಕ್ಕೆ ಹೊಸದಲ್ಲ. ಎಷ್ಟು ದೊಡ್ಡದಾಗುತ್ತದೆ, ಮಕ್ಕಳನ್ನು ಕಂಡರೆ ಹೇಗೆ, ಒಂಟಿಯಾಗಿ ಬಿಟ್ಟರೆ ಹೇಗೆ ಎಲ್ಲವೂ ಆಗಲೇ ಗೊತ್ತಿರುತ್ತದೆ. ಮರಿಯಲ್ಲಿ ಇದೆಲ್ಲ ಬರೀ ಊಹೆ. ಆಶ್ರಯಧಾಮಗಳಲ್ಲಿ ಇಂಥ ನಾಯಿಗಳು ಮನೆಗಾಗಿ ಕಾಯುತ್ತಲೇ ಇರುತ್ತವೆ.

ಹೋದ ದಿನವೇ ಎತ್ತಿಕೊಂಡು ಬರಬೇಡಿ. ಎರಡು ಸಲ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಿ, ಮುಖ್ಯವಾಗಿ ಬೆಳಗ್ಗೆ ನಾಯಿಯನ್ನು ಓಡಾಡಿಸುವವರು ಯಾರೋ ಅವರು ಬರಲಿ. ನಾಯಿ ಕತ್ತುಪಟ್ಟಿ ಹಾಕಿಕೊಂಡು ಅವರ ಜೊತೆ ಒಂದು ಸುತ್ತು ನಡೆದು ಬರಲಿ. ಅದು ಎಷ್ಟು ಎಳೆಯುತ್ತದೆ, ಎಷ್ಟು ಬೇಗ ದಣಿಯುತ್ತದೆ, ಹಿಂತಿರುಗಿದ ಮೇಲೆ ಎಷ್ಟು ಹೊತ್ತಿಗೆ ಉಸಿರು ಸಮಕ್ಕೆ ಬರುತ್ತದೆ, ಅಲ್ಲೇ ನೋಡಿಕೊಳ್ಳಿ.